ಸಿಡಿಲು, ಟಿವಿ ಮತ್ತು ನಾನು ಹೇಳದೆ ಬಿಟ್ಟ ಮಾತು

“ಮೇಡಂ, ಟಿವಿಗೆ ನೀರು ತಾಗಿದ್ದು, ಕೆಳಗೆ ಬಿದ್ದದ್ದು, ಸಿಡಿಲು, ವೋಲ್ಟೇಜ್ ತೊಂದರೆ, ಇಂಥದ್ದು ಏನಾದರೂ ಆಗಿತ್ತಾ?”

ಕಂಪನಿಯ ಟೋಲ್‌ಫ್ರೀ ನಂಬರಿನಲ್ಲಿ ಮಾತಾಡಿದ ಹುಡುಗಿ ಕೇಳಿದ ಪ್ರಶ್ನೆ ಇದು. ಕನ್ನಡದಲ್ಲೇ, ಮೆತ್ತಗೆ ಕೇಳಿದಳು. ನಾನು “ಇಲ್ಲ” ಅಂದೆ. ಯೋಚನೆ ಮಾಡಲು ಒಂದು ಗಳಿಗೆಯೂ ತೆಗೆದುಕೊಳ್ಳಲಿಲ್ಲ.

ಆ “ಇಲ್ಲ” ಪೂರ್ತಿ ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ಆಮೇಲೆ ಒಂದೂವರೆ ತಿಂಗಳು ನಾನು ಓಡಾಡಿದ್ದು, ಮೇಲ್ ಬರೆದದ್ದು, ಫೋನಿನಲ್ಲಿ ದನಿ ಏರಿಸಿದ್ದು ಎಲ್ಲ ಆ ಒಂದು ಮಾತಿನಿಂದ ಶುರುವಾಯಿತು. ವಾರಂಟಿ ಕೇಳಲು ಹೋಗುವವರಿಗೆ ಉಪಯೋಗ ಆಗಬಹುದು ಅಂತ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿಯ ಸಂತೆಕಟ್ಟೆಯಿಂದ ಸ್ವಲ್ಪ ಒಳಗೆ. ನಾನು, ನಮ್ಮವರು, ಮಗ, ಅತ್ತೆ. ಟಿವಿ ತೆಗೆದದ್ದು 2023ರ ದೀಪಾವಳಿ ಆಫರಿನಲ್ಲಿ. 43 ಇಂಚು, 27,990 ರೂಪಾಯಿ. ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಅಷ್ಟು ದುಡ್ಡು ನಮಗೆ ಸಣ್ಣದಲ್ಲ. ಹತ್ತು ಕಂತಿನಲ್ಲಿ ತೀರಿಸಿದ್ದೆವು. ಕೊನೆಯ ಕಂತು ಕಟ್ಟಿ ಒಂದು ತಿಂಗಳು ಆಗಿತ್ತು, ಅಷ್ಟರಲ್ಲಿ ಇದಾಯಿತು.

ನಮ್ಮ ಕಡೆಯವರಿಗೆ ಗೊತ್ತು, ಜೂನ್, ಜುಲೈ ಮಳೆಯಲ್ಲಿ ನೀರು ಜಾಸ್ತಿ, ಸಿಡಿಲು ಕಡಿಮೆ. ಸಿಡಿಲಿನ ಹೆದರಿಕೆ ಇರುವುದು ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇಯಲ್ಲಿ. ಮತ್ತೆ ಮಳೆ ಹಿಂದೆ ಹೋಗುವ ಅಕ್ಟೋಬರ್, ನವೆಂಬರಿನಲ್ಲಿ. 2024ರ ನವರಾತ್ರಿ ಮುಗಿದ ಮಾರನೇ ವಾರ ಒಂದು ಸಂಜೆ ಘಟ್ಟದ ಕಡೆಯಿಂದ ಕಪ್ಪು ಕವಿಯಿತು. ಮೊದಲ ಗುಡುಗಿಗೇ ಅತ್ತೆ ಎದ್ದು ಟಿವಿಯ ಪ್ಲಗ್ ತೆಗೆದರು. ಫ್ರಿಡ್ಜಿನದ್ದೂ ತೆಗೆದರು. ಅವರಿಗೆ ಅದು ಎಷ್ಟೋ ವರ್ಷದ ಅಭ್ಯಾಸ. ಒಂದು ಸಲ ಮಿಂಚೂ ಸದ್ದೂ ಒಟ್ಟಿಗೇ ಬಂದು ಕಿಟಕಿಯ ಗಾಜು ಗದಗದ ಅಂತು. ಹಿಂದಿನ ತೋಟದಲ್ಲಿ ಯಾವುದೋ ತೆಂಗಿನಮರಕ್ಕೆ ಬಿತ್ತು ಅಂದುಕೊಂಡೆವು.

ಎಂಟು ಗಂಟೆಗೆ ಎಲ್ಲ ತಣ್ಣಗಾದ ಮೇಲೆ ಪ್ಲಗ್ ಹಾಕಿದರೆ ಸೆಟ್‌ಟಾಪ್ ಬಾಕ್ಸಿನಲ್ಲಿ ಬೆಳಕೇ ಇಲ್ಲ. ಟಿವಿಯ ಕೆಂಪು ದೀಪ ಎರಡು ಸಲ ಮಿನುಗಿ ಆರುತ್ತಿತ್ತು. ಚಿತ್ರ ಇಲ್ಲ, ಸದ್ದೂ ಇಲ್ಲ.

ಬೆಳಿಗ್ಗೆ ಡಿಶ್‌ನ ಹುಡುಗ ಬಂದ. ಬಾಕ್ಸ್ ತಿರುಗಿಸಿ ನೋಡಿದ. “ಇದು ಹೋಯ್ತು ಅಕ್ಕ, ನಿನ್ನೆಯ ಸಿಡಿಲಿಗೆ. ಈ ರೋಡಲ್ಲೇ ಇದು ಮೂರನೆಯದು,” ಅಂದ. ಹೊಸ ಬಾಕ್ಸ್ ಇಟ್ಟು ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಬಾಕ್ಸೂ ಟಿವಿಯೂ ಒಂದೇ ರಾತ್ರಿ ಹೋಗಿವೆ. ಇದರ ಅರ್ಥ ಏನು ಅಂತ ನನಗೆ ಆಗಲೇ ಹೊಳೆದಿತ್ತು. ಆದರೆ ಪ್ಲಗ್ ತೆಗೆದಿದ್ದೆವಲ್ಲ, ಹಾಗಾದರೆ ಟಿವಿಗೆ ಸಿಡಿಲು ತಾಗಲಿಕ್ಕಿಲ್ಲ ಅಂತ ಇನ್ನೊಂದು ಮನಸ್ಸು. ವಾರಂಟಿ ಮುಗಿಯಲು ಇನ್ನೂ ಮೂರು ವಾರ ಇದೆ ಅನ್ನುವುದೂ ತಲೆಯಲ್ಲಿತ್ತು. ಟಿವಿ ತೆಗೆದ ಅಂಗಡಿಗೆ ಫೋನ್ ಮಾಡಿದೆ. “ಕಸ್ಟಮರ್ ಕೇರಿಗೆ ಜಾಸ್ತಿ ವಿವರ ಹೇಳಬೇಡಿ ಮೇಡಂ. ಸುಮ್ನೆ ಆನ್ ಆಗ್ತಾ ಇಲ್ಲ ಅಂತ ಹೇಳಿ,” ಅಂದರು. ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಸಂಘದಲ್ಲಿ ನನ್ನ ಜೊತೆ ಕೆಲಸ ಮಾಡುವವರೂ ಅದನ್ನೇ ಹೇಳಿದರು. ಮೂರು ಜನ ಹೇಳಿದ ಮೇಲೆ ನಾನು ಆ ನಂಬರಿಗೆ ಫೋನ್ ಮಾಡಿದೆ. ಹುಡುಗಿ ಕೇಳಿದಳು. ನಾನು “ಇಲ್ಲ” ಅಂದೆ.

ಎರಡನೇ ದಿನ ಟೆಕ್ನಿಷಿಯನ್ ಬಂದ. ಇಪ್ಪತ್ತೈದರ ಒಳಗಿನ ಹುಡುಗ, ಕಾಪು ಕಡೆಯವನು. ಟಿವಿಯನ್ನು ಮಂಚದ ಮೇಲೆ ಬೆಡ್‌ಶೀಟ್ ಹಾಸಿ ಮಗುವನ್ನು ಮಲಗಿಸುವ ಹಾಗೆ ಕವುಚಿ ಮಲಗಿಸಿದ. ಸ್ಕ್ರೂಗಳನ್ನು ಬಿಚ್ಚಿ ಒಂದು ಡಬ್ಬಿಯ ಮುಚ್ಚಳಕ್ಕೆ ಹಾಕಿದ. ಹಿಂದಿನ ಕವರ್ ತೆಗೆದು ಮೊಬೈಲಿನ ಟಾರ್ಚ್ ಬಿಟ್ಟ.

“ಅಕ್ಕ, ಇಲ್ಲಿ ನೋಡಿ.”

ಬಗ್ಗಿ ನೋಡಿದೆ. ಎಚ್‌ಡಿಎಂಐ 1 ಅಂತ ಬರೆದ ಪೋರ್ಟಿನ ಒಳಗೆ ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳ ಸಾಲು. ಅದರಲ್ಲಿ ಮೂರು ಹಲ್ಲು ಕಪ್ಪಾಗಿದ್ದವು. ಅದರ ಹಿಂದೆ ಬೋರ್ಡಿನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಭಾಗ ಒಡೆದು ಹೊಟ್ಟು ಮಾತ್ರ ಉಳಿದಿತ್ತು. ಸುತ್ತ ಕಾಡಿಗೆ ಬೆರಳಲ್ಲಿ ಎಳೆದ ಹಾಗೆ ಒಂದು ಕಲೆ. ಪಕ್ಕದ ಎಚ್‌ಡಿಎಂಐ 2 ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು.

“ಈ ಪೋರ್ಟಿಗೆ ಎಂತ ಹಾಕಿದ್ರಿ?”

“ಸೆಟ್‌ಟಾಪ್ ಬಾಕ್ಸ್.”

“ಬಾಕ್ಸ್ ಸರಿ ಉಂಟಾ?”

ನಾನು ಸುಮ್ಮನಿದ್ದೆ. “ಅದು ಹೊಸತು. ಹಳೇದು ಮೊನ್ನೆ ಸಿಡಿಲಿಗೆ ಹೋಯ್ತು,” ಅಂತ ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. ಅವರಿಗೆ ಯಾರೂ ಏನೂ ಹೇಳಬೇಡಿ ಅಂತ ಹೇಳಿರಲಿಲ್ಲ.

ಆ ಹುಡುಗ ನನಗೆ ಬಿಡಿಸಿ ಹೇಳಿದ. ಪ್ಲಗ್ ತೆಗೆದರೆ ಕರೆಂಟಿನ ದಾರಿ ಒಂದು ಮುಚ್ಚುತ್ತದೆ. ಡಿಶ್ ಟೆರೇಸಿನ ಮೇಲೆ ಇದೆ. ಅಲ್ಲಿಂದ ತಾಮ್ರದ ಕೇಬಲ್ ಬಾಕ್ಸಿಗೆ ಬರುತ್ತದೆ. ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ ಟಿವಿಗೆ ಹೋಗುತ್ತದೆ. ಸಿಡಿಲು ಮನೆಗೇ ಬೀಳಬೇಕು ಅಂತ ಇಲ್ಲ. ಹತ್ತಿರದಲ್ಲಿ ಎಲ್ಲಾದರೂ ಬಿದ್ದರೂ ಉದ್ದದ ತಂತಿಯಲ್ಲಿ ಒಂದು ಕ್ಷಣ ವೋಲ್ಟೇಜ್ ಹುಟ್ಟುತ್ತದೆ. ಈ ಪೋರ್ಟಿನ ಹಿಂದಿನ ಚಿಪ್ಪುಗಳು ಕೆಲಸ ಮಾಡುವುದೇ ಐದು ವೋಲ್ಟಿನ ಒಳಗೆ. ಅವು ತಡೆಯುವುದಿಲ್ಲ. ಅತ್ತೆ ಇಷ್ಟು ವರ್ಷ ಶ್ರದ್ಧೆಯಿಂದ ಒಂದು ಬಾಗಿಲು ಹಾಕುತ್ತಿದ್ದರು. ಇನ್ನೊಂದು ತೆರೆದೇ ಇತ್ತು.

“ಹಾಗಾದ್ರೆ ವಾರಂಟಿ?” ಅಂತ ಕೇಳಿದೆ.

ಅವನು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದ. ಆಮೇಲೆ ಹೇಳಿದ. “ಸಿಡಿಲು ಅಂತ ಬರೆದ್ರೆ ಸಿಗುದಿಲ್ಲ ಅಕ್ಕ. ನಾನು ‘ನೋ ಪವರ್, ಮೇನ್‌ಬೋರ್ಡ್ ಫೇಲ್’ ಅಂತ ಬರೀತೇನೆ. ಇದನ್ನು ಸ್ಪಿರಿಟಲ್ಲಿ ಒರೆಸಿ ಫೋಟೊ ತೆಗೆದ್ರೆ ಗೊತ್ತಾಗುದಿಲ್ಲ. ಬೋರ್ಡ್ ಫ್ರೀ ಬರ್ತದೆ. ನನಗೆ ಒಂದು 1,500 ಕೊಡಿ.”

ಅವನು ಹೆದರಿಸಲಿಲ್ಲ, ಒತ್ತಾಯ ಮಾಡಲಿಲ್ಲ. ಸಹಾಯ ಮಾಡುವವನ ದನಿಯಲ್ಲೇ ಹೇಳಿದ. ಮಾತಾಡಿಸಿದಾಗ ಗೊತ್ತಾಯಿತು, ಅವನಿಗೆ ಸಂಬಳ ಅಂತ ಇಲ್ಲ. ಒಂದು ಸರ್ವಿಸ್ ಕಾಲ್‌ಗೆ ಇಷ್ಟು ಅಂತ ಲೆಕ್ಕ. ಪೆಟ್ರೋಲ್ ಅವನದೇ. ನಾನು ನಾಳೆ ಹೇಳುತ್ತೇನೆ ಅಂದೆ. ಹೊರಡುವಾಗ “ಒಂದು ಒಟಿಪಿ ಬಂದಿರ್ತದೆ ಅಕ್ಕ, ಹೇಳಿ. ಇಲ್ಲದಿದ್ರೆ ನನಗೆ ಪೆಂಡಿಂಗ್ ತೋರಿಸ್ತದೆ,” ಅಂದ. ಹೇಳಿದೆ. ಅದು ಎಂಥ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಆ ರಾತ್ರಿ ವಾರಂಟಿ ಕಾರ್ಡನ್ನು ಮೊದಲ ಬಾರಿ ಸರಿಯಾಗಿ ಓದಿದೆ. ಕೊಳ್ಳುವಾಗ ನಾವು ನೋಡುವುದು ಎಷ್ಟು ವರ್ಷ ಅಂತ ಮಾತ್ರ, ಅಲ್ವಾ? ಟಿವಿಗೆ ಒಂದು ವರ್ಷ, ಪ್ಯಾನೆಲಿಗೆ ಇನ್ನೊಂದು ವರ್ಷ ಜಾಸ್ತಿ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನು ಸಿಗುವುದಿಲ್ಲ ಅಂತ ಇತ್ತು. ಸಿಡಿಲು, ವೋಲ್ಟೇಜ್ ಏರಿಳಿತ, ನೀರು, ಇರುವೆ, ಜಿರಳೆ, ಹಲ್ಲಿ, ಬೀಳಿಸಿದ್ದು, ಹೊರಗಿನವರು ಬಿಚ್ಚಿದ್ದು. ಅಂದರೆ ತಯಾರಿಸುವಾಗಲೇ ಇದ್ದ ದೋಷಕ್ಕೆ ಅವರು ಹೊಣೆ. ಹೊರಗಿಂದ ಬಂದ ಪೆಟ್ಟಿಗೆ ಅಲ್ಲ. ಅದನ್ನು ಓದುವಾಗ ಇದು ಅನ್ಯಾಯ ಅಂತ ನನಗೆ ಅನಿಸಲಿಲ್ಲ. ನಮ್ಮ ಟಿವಿಯನ್ನು ಅವರು ಕೆಟ್ಟದಾಗಿ ಮಾಡಿರಲಿಲ್ಲ. ಹನ್ನೊಂದು ತಿಂಗಳು ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಆದರೂ ಮನಸ್ಸು 1,500 ಮತ್ತು 27,990ರ ನಡುವೆ ಲೆಕ್ಕ ಹಾಕುತ್ತಲೇ ಇತ್ತು. ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ಮಂಗಳೂರಿನಲ್ಲಿ ಒಂದು ಮೊಬೈಲ್ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಆರು ವರ್ಷದಿಂದ ಕೂರುತ್ತಿದ್ದಾನೆ. ನನ್ನ ಕಥೆ ಕೇಳಿ ತನ್ನ ಕೌಂಟರಿನ ಕಥೆ ಹೇಳಿದ.

ಸೋಮವಾರ ಅವನಿಗೆ ನೀರಿಗೆ ಬಿದ್ದ ಫೋನುಗಳ ದಿನ. ಭಾನುವಾರ ಪಣಂಬೂರು, ತಣ್ಣೀರುಬಾವಿ ಬೀಚಿಗೆ ಹೋದವರದ್ದು. ಯಾರೂ ನೀರಿಗೆ ಬಿತ್ತು ಅನ್ನುವುದಿಲ್ಲ. “ಚಾರ್ಜಿಗೆ ಇಟ್ಟಿದ್ದೆ, ತನ್ನಷ್ಟಕ್ಕೆ ಆಫ್ ಆಯ್ತು” ಅನ್ನುವುದೇ. ಇವನು ಸಿಮ್ ಟ್ರೇ ಎಳೆದು ಟಾರ್ಚ್ ಬಿಟ್ಟು ನೋಡುತ್ತಾನೆ. ಒಳಗೆ ಒಂದು ಬಿಳಿ ಪಟ್ಟಿ ಇರುತ್ತದೆ. ನೀರು ತಾಗಿದರೆ ಕೆಂಪಾಗುತ್ತದೆ. ಚಾರ್ಜಿಂಗ್ ಪೋರ್ಟಿನಲ್ಲಿ ಅಕ್ಕಿಯ ಪುಡಿ ಸಿಕ್ಕರೆ ಮನೆಯಲ್ಲಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು ಅಂತ ಅರ್ಥ. ಉಪ್ಪುನೀರಾದರೆ ಬೋರ್ಡಿನ ತಾಮ್ರದ ಮೇಲೆ ಹಸಿರು ಪಾಚಿಯ ಹಾಗೆ ಕೂತಿರುತ್ತದೆ. ಕೆಲವರು ಇದು ವಾಟರ್‌ಪ್ರೂಫ್ ಫೋನ್ ಅಲ್ವಾ ಅಂತ ಜಗಳಕ್ಕೆ ನಿಲ್ಲುತ್ತಾರೆ. ಫೋನು ನೀರು ತಡೆಯುತ್ತದಾ ಅಂತ ನೋಡುವ ಐಪಿ 68 ಅನ್ನುವ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ಪಣಂಬೂರಿನ ಅಲೆಯಲ್ಲಿ ಅಲ್ಲ.

“ಆದ್ರೆ ಅಕ್ಕ, ಪಟ್ಟಿ ಕೆಂಪಾದ ಕೂಡಲೇ ಗಿರಾಕಿಯನ್ನು ಕಳ್ಳ ಅಂತ ನೋಡುವವರೂ ನಮ್ಮಲ್ಲಿ ಇದ್ದಾರೆ. ಅದೂ ತಪ್ಪೇ,” ಅಂದ. ಅವನೇ ಹೇಳಿದ ಎರಡು ಸಂಗತಿಗಳನ್ನು ಆಮೇಲೆ ನಾನೂ ಹುಡುಕಿ ಓದಿದೆ. ಅಮೆರಿಕದಲ್ಲಿ ಪಟ್ಟಿಯ ಬಣ್ಣ ಒಂದನ್ನೇ ನೋಡಿ ವಾರಂಟಿ ಕೊಡಲಿಲ್ಲ, ಗಾಳಿಯ ತೇವಕ್ಕೂ ಅದರ ಬಣ್ಣ ಬದಲಾಗಬಹುದು ಅಂತ ಗಿರಾಕಿಗಳು ಆ್ಯಪಲ್ ಮೇಲೆ ಕೇಸು ಹಾಕಿದ್ದರು. 2013ರಲ್ಲಿ ಕಂಪನಿ 5.3 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಇನ್ನೊಂದು, ಅದೇ ದೇಶದ ಒರೆಗಾನ್‌ನಲ್ಲಿ 2019ರಲ್ಲಿ ಹೊರಬಂದ ಪ್ರಕರಣ. ಇಬ್ಬರು ವಿದ್ಯಾರ್ಥಿಗಳು ನಕಲಿ ಐಫೋನುಗಳನ್ನು ತರಿಸಿ, ಆನ್ ಆಗುತ್ತಿಲ್ಲ ಅಂತ ಅದೇ ಕಂಪನಿಗೆ ವಾರಂಟಿಗೆ ಕೊಟ್ಟ ಆರೋಪ ಅದು. ಆನ್ ಆಗದ ಫೋನು ಅಸಲಿಯೋ ನಕಲಿಯೋ ಅಂತ ಕೌಂಟರಿನಲ್ಲಿ ತಕ್ಷಣ ಗೊತ್ತಾಗುವುದಿಲ್ಲ. ಹಾಗೆ ಸುಮಾರು 1,500 ಹೊಸ ಫೋನುಗಳು ಹೊರಗೆ ಹೋದವು. ಕಂಪನಿಗೆ ಸುಮಾರು 9 ಲಕ್ಷ ಡಾಲರ್ ನಷ್ಟ.

“ಅಂಥವರು ಬಂದು ಹೋದ ಮೇಲೆ ನಮಗೆ ಫಾರ್ಮ್ ಜಾಸ್ತಿ ಆಗ್ತದೆ, ಫೋಟೊ ಜಾಸ್ತಿ ಆಗ್ತದೆ. ಕಷ್ಟ ಆಗುದು ನಿಜವಾಗಿ ಫೋನ್ ಹಾಳಾದವರಿಗೆ. ಮೊನ್ನೆ ಒಬ್ಬರು ಅಜ್ಜಿಯ ಫೋನ್ ಬಂತು. ತಯಾರಿಯದ್ದೇ ದೋಷ. ಅದನ್ನು ಪಾಸ್ ಮಾಡಿಸ್ಲಿಕ್ಕೆ ನಾನು ಹನ್ನೆರಡು ಫೋಟೊ ಕಳಿಸಬೇಕಾಯ್ತು.” ಕೊನೆಗೆ ಕೇಳಿದ, “ರಿಪೇರಿ ವಿವರ ಬರೆಯುವ ನಿನ್ನ ಜಾಬ್‌ಶೀಟಿಗೆ ಸಹಿ ಹಾಕುದು ಯಾರು ಅಕ್ಕ, ಆ ಹುಡುಗನಾ, ನೀನಾ?”

ಆ ಪ್ರಶ್ನೆ ನನಗೆ ನೇರ ನಾಟಿತು. ನಾನು ದಿನಾ ಕೌಂಟರಿನ ಈ ಕಡೆ ಕೂತು ಜನರಿಂದ ಸಹಿ ಹಾಕಿಸಿಕೊಳ್ಳುವವಳು. “ಮೇಲೆ ಹೇಳಿದ್ದೆಲ್ಲ ಸತ್ಯ” ಅನ್ನುವ ಸಾಲಿನ ಕೆಳಗೆ ಬೆರಳಿಟ್ಟು ಇಲ್ಲಿ ಹಾಕಿ ಅಂತ ತೋರಿಸುವವಳು. ಚಿನ್ನದ ಸಾಲಕ್ಕೆ ಬಂದವರು ಒಂದು ಮಾತು ಮುಚ್ಚಿಟ್ಟರೂ ನನಗೆ ಸಿಟ್ಟು ಬರುತ್ತದೆ.

ಅಡುಗೆಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಅವರು ಕುಚ್ಚಲಕ್ಕಿ ತೊಳೆಯುತ್ತಿದ್ದರು. “ಸಿಡಿಲು ಬಂದದ್ದು ಹೌದಲ್ಲ ಮಾರಾಯ್ತಿ. ಹೌದಾದ್ದನ್ನು ಹೇಳ್ಲಿಕ್ಕೆ ಎಂತ?” ಅಂದರು. ಅವರಿಗೆ ಅದರಲ್ಲಿ ಯೋಚಿಸುವ ವಿಷಯವೇ ಕಾಣಲಿಲ್ಲ.

ಬೆಳಿಗ್ಗೆ ಆ ಹುಡುಗನಿಗೆ ಫೋನ್ ಮಾಡಿ, ಕಂಡದ್ದನ್ನೇ ಬರೆಯಲು ಹೇಳಿದೆ. “ಆಯ್ತು ಅಕ್ಕ” ಅಂದ, ಬೇರೇನೂ ಹೇಳಲಿಲ್ಲ. ಕಂಪನಿಗೆ ಮೇಲ್ ಹಾಕಿದೆ. ಯಾವ ದಿನ ಗುಡುಗು ಬಂತು, ಪ್ಲಗ್ ತೆಗೆದಿದ್ದೆವು, ಡಿಶ್ ಕೇಬಲ್ ತೆಗೆದಿರಲಿಲ್ಲ, ಅದೇ ರಾತ್ರಿ ಬಾಕ್ಸೂ ಹೋಯಿತು, ಮೊದಲ ಸಲ ಫೋನಿನಲ್ಲಿ ಕೇಳಿದಾಗ ನಾನು ಇದನ್ನು ಹೇಳಿರಲಿಲ್ಲ, ಎಲ್ಲ ಬರೆದೆ. ಕಪ್ಪಾದ ಪೋರ್ಟಿನ ಫೋಟೊ ಜೊತೆಗೆ ಇಟ್ಟೆ. ಕಳಿಸುವ ಗುಂಡಿ ಒತ್ತುವಾಗ ಕೈ ಒಂದು ಸಲ ಹಿಂದೆ ಬಂದದ್ದು ನಿಜ.

ನಾಲ್ಕು ದಿನಕ್ಕೆ ಉತ್ತರ ಬಂತು. ಹೊರಗಿನ ಸರ್ಜ್‌ನಿಂದ, ಅಂದರೆ ಒಮ್ಮೆಗೇ ಏರಿದ ವೋಲ್ಟೇಜಿನಿಂದ ಆದ ಹಾನಿ, ವಾರಂಟಿಯಲ್ಲಿ ಬರುವುದಿಲ್ಲ. ಇದು ನಾನು ಕಾದಿದ್ದ ಉತ್ತರವೇ. ಅದರ ಕೆಳಗೆ ಎಸ್ಟಿಮೇಟ್ ಇತ್ತು. ಮೇನ್‌ಬೋರ್ಡ್ 6,350. ಪ್ಯಾನೆಲ್ 16,800. ಕೂಲಿ 590. ಒಟ್ಟು 23,740 ರೂಪಾಯಿ.

ಪ್ಯಾನೆಲ್?

ಬಿಚ್ಚಿ ನೋಡಿದ ಹುಡುಗ ಪ್ಯಾನೆಲ್ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅದನ್ನು ಪರೀಕ್ಷೆ ಮಾಡಿದ್ದೂ ನಾನು ನೋಡಿರಲಿಲ್ಲ. ಪ್ಯಾನೆಲ್ ಅಂದರೆ ಟಿವಿಯ ಮುಖವೇ, ಅತಿ ದುಬಾರಿ ಭಾಗ. ಅದು ಹೋದರೆ ರಿಪೇರಿಗಿಂತ ಹೊಸದು ತೆಗೆಯುವುದೇ ಲೇಸು ಅನಿಸುತ್ತದೆ. ಮಾರನೇ ದಿನ ಒಂದು ಫೋನ್ ಬಂತು. ಹಳೆಯದನ್ನು ಕೊಟ್ಟರೆ ಹೊಸ ಮಾಡೆಲಿನಲ್ಲಿ ಇಷ್ಟು ಕಡಿಮೆ ಮಾಡುತ್ತೇವೆ ಮೇಡಂ ಅಂತ. ಪ್ಯಾನೆಲ್ ಹಾಳಾಗಿದೆ ಅಂತ ಯಾರು ಯಾವ ಪರೀಕ್ಷೆಯಿಂದ ಹೇಳಿದರು ಅಂತ ಕೇಳಿದೆ. “ಸಿಸ್ಟಮಲ್ಲಿ ಹಾಗೆ ತೋರಿಸ್ತಾ ಇದೆ” ಅಂದರು. ಜಾಬ್‌ಶೀಟ್ ಕಳಿಸಿ ಅಂದೆ. ಆಗ ಗೊತ್ತಾಯಿತು, ನನ್ನ ಕಂಪ್ಲೇಂಟ್ “ಸರಿಪಡಿಸಲಾಗಿದೆ” ಅಂತ ಮುಚ್ಚಿಹೋಗಿತ್ತು. ಕೆಲಸ ಮುಗಿದಿದೆ ಅಂತ ಒಪ್ಪುವುದಕ್ಕೆ ಇದ್ದದ್ದು ಆ ಒಟಿಪಿ. ಅದನ್ನು ಕೊಟ್ಟದ್ದು ನಾನೇ. ಅವರ ಲೆಕ್ಕದಲ್ಲಿ ನಮ್ಮ ಟಿವಿ ಚೆನ್ನಾಗಿ ನಡೆಯುತ್ತಿತ್ತು.

ಇಲ್ಲಿಂದ ನನಗೆ ನಿಜವಾದ ಸಿಟ್ಟು ಬಂತು. ನನ್ನ ಕಡೆಯ ಮಾತನ್ನು ನಾನು ಪೂರ್ತಿ ಹೇಳಿದ್ದೆ. ಈಗ ಅವರ ಕಡೆಯ ಮಾತು ಬೇಕಿತ್ತು. ಮೂರು ವಿಷಯ ಕೇಳಿ ಮೇಲ್ ಹಾಕಿದೆ. ಜಾಬ್‌ಶೀಟಿನ ಪ್ರತಿ, ಟೆಕ್ನಿಷಿಯನ್ ತೆಗೆದ ಫೋಟೊಗಳು, ಪ್ಯಾನೆಲ್ ಹಾಳಾಗಿದೆ ಅನ್ನುವುದಕ್ಕೆ ಆಧಾರ. ಒಂದು ವಾರ ಉತ್ತರ ಇಲ್ಲ. ಎಂಟನೇ ದಿನ ಇನ್ನೊಂದು ಮೇಲ್ ಹಾಕಿದೆ. ನೀವು ವಾರಂಟಿ ಇಲ್ಲ ಅಂತ ಬರೆದು ಕೊಟ್ಟಿದ್ದೀರಿ, ಹಾಗಾಗಿ ಹೊರಗಿನವರಿಂದ ಪ್ಯಾನೆಲ್ ಪರೀಕ್ಷೆ ಮಾಡಿಸುತ್ತೇನೆ, ಬೇಡ ಅಂತಿದ್ದರೆ ಮೂರು ದಿನದಲ್ಲಿ ತಿಳಿಸಿ ಅಂತ. ಅದಕ್ಕೂ ಉತ್ತರ ಬರಲಿಲ್ಲ.

ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬರು ಹಳೇ ರಿಪೇರಿಯವರಿದ್ದಾರೆ. ಡಬ್ಬಾ ಟಿವಿಯ ಕಾಲದಿಂದ ಇದೇ ಕೆಲಸ. ನಾನು ಹೋದಾಗ ಅವರು ಮೊದಲು ಕೇಳಿದ್ದು, “ಕಂಪನಿಯವರು ಇಲ್ಲ ಅಂತ ಬರೆದು ಕೊಟ್ಟಿದ್ದಾರಾ?” ಮೇಲ್ ತೋರಿಸಿದ ಮೇಲೆ ಒಪ್ಪಿದರು. ಬರೆದು ಕೊಡದೆ ಅವರು ವಾರಂಟಿಯ ಯಾವ ಸಾಮಾನನ್ನೂ ಮುಟ್ಟುವುದಿಲ್ಲವಂತೆ. ಸೀಲು ಒಡೆದದ್ದು ನೀವೇ ಅಂತ ಆಮೇಲೆ ತಮ್ಮ ತಲೆಗೇ ಬರುತ್ತದೆ ಅಂದರು.

ಭಾನುವಾರ ಮನೆಗೇ ಬಂದರು. ನಾನು ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿ, ಅವರು ಮೊದಲ ಸ್ಕ್ರೂ ಬಿಚ್ಚುವುದರಿಂದ ಕೊನೆಯ ಸ್ಕ್ರೂ ಹಾಕುವವರೆಗೆ ಎಲ್ಲೂ ನಿಲ್ಲಿಸಲಿಲ್ಲ. ಮಗ ಹತ್ತಿರದಿಂದ ಟಾರ್ಚ್ ಹಿಡಿದ. ಮೇನ್‌ಬೋರ್ಡಿನಿಂದ ಪ್ಯಾನೆಲಿಗೆ ಹೋಗುವ ಅಗಲದ ಕೇಬಲನ್ನು ಬಿಡಿಸಿ, ತಮ್ಮ ಪುಟ್ಟ ಪ್ಯಾನೆಲ್ ಟೆಸ್ಟರಿಗೆ ಜೋಡಿಸಿದರು. ಟಿವಿಯನ್ನು ನಾವಿಬ್ಬರು ನಿಲ್ಲಿಸಿ ಹಿಡಿದೆವು. ಅವರು ಒಂದು ಗುಂಡಿ ಒತ್ತಿದರು. ಪರದೆ ಇಡೀ ಕೆಂಪಾಯಿತು. ಇನ್ನೊಮ್ಮೆ ಒತ್ತಿದರು, ಹಸಿರು. ನೀಲಿ. ಬಿಳಿ. ಮೂಲೆಯಿಂದ ಮೂಲೆಗೆ ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಮೂರು ವಾರದಿಂದ ಕಪ್ಪಾಗಿದ್ದ ಟಿವಿಯಲ್ಲಿ ಆ ಬಿಳಿ ಬೆಳಕು ಕಂಡಾಗ ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

“ಪ್ಯಾನೆಲಿಗೆ ಎಂತದೂ ಆಗ್ಲಿಲ್ಲ. ಬೋರ್ಡ್ ಮಾತ್ರ ಹೋದ್ದು,” ಅಂದರು. 300 ರೂಪಾಯಿ ತೆಗೆದುಕೊಂಡರು. ನಾನು ಕೇಳಿದ್ದಕ್ಕೆ ಒಂದು ಬಿಳಿ ಹಾಳೆಯಲ್ಲಿ ದಿನಾಂಕ ಹಾಕಿ ಅಷ್ಟನ್ನೇ ಬರೆದು ಸಹಿ ಮಾಡಿ ಕೊಟ್ಟರು.

ಸೋಮವಾರ 1915ಕ್ಕೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ. 17 ಭಾಷೆಗಳಲ್ಲಿ ಇದೆ, ಕನ್ನಡದಲ್ಲೂ ಇದೆ. ಫೋನ್ ತೆಗೆದ ಮಹಿಳೆ ತಾಳ್ಮೆಯಿಂದ ಎಲ್ಲ ಕೇಳಿದರು. ನಡುವೆ ಒಮ್ಮೆ ನಿಲ್ಲಿಸಿ, “ಹಾಗಾದರೆ ವಾರಂಟಿ ಕೊಡಲಿಲ್ಲ ಅಂತ ನಿಮ್ಮ ದೂರು ಅಲ್ಲ?” ಅಂದರು.

“ಅಲ್ಲ. ಸಿಡಿಲಿಗೆ ಹೋದದ್ದು ನಿಜ. ಬೋರ್ಡಿನ ದುಡ್ಡು ನಾನೇ ಕೊಡ್ತೇನೆ. ಸರಿ ಇರುವ ಪ್ಯಾನೆಲಿಗೆ 16,800 ಯಾಕೆ ಕೇಳಿದ್ರು, ಸರಿ ಆಗದ ಟಿವಿಯನ್ನು ಸರಿಪಡಿಸಿದ್ದೇವೆ ಅಂತ ಯಾಕೆ ಬರೆದ್ರು, ಅದು ನನ್ನ ದೂರು.”

ಅವರು ಅದನ್ನು ಹಾಗೆಯೇ ಬರೆದುಕೊಂಡು ಮತ್ತೆ ನನಗೇ ಓದಿ ಹೇಳಿದರು. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ಬಂತು. ಮೇಲ್‌ಗಳು, ಎಸ್ಟಿಮೇಟ್, ರಿಪೇರಿಯವರ ಚೀಟಿ ಎಲ್ಲ ಜೊತೆಗೆ ಹಾಕಿದೆ.

ಇಲ್ಲಿಗೆ ಮುಗಿಯದಿದ್ದರೆ ಮುಂದೇನು ಅಂತಲೂ ಓದಿ ಇಟ್ಟುಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಾವು ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲೋ ದೂರದಲ್ಲಿದ್ದರೂ ಪರವಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಫೀಸು ಇಲ್ಲ. ವಕೀಲರು ಇರಲೇಬೇಕು ಅಂತ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಎರಡು ವಿಷಯ ನನ್ನ ಕಣ್ಣಿಗೆ ಬಿತ್ತು. ಒಂದು, ದೂರಿನ ಜೊತೆ ಅಫಿಡವಿಟ್ ಕೊಡಬೇಕು, ಅಂದರೆ ಬರೆದದ್ದಕ್ಕೆ ಪ್ರಮಾಣ ಮಾಡಬೇಕು. ಇನ್ನೊಂದು, ನೋಡಿದರೆ ಗೊತ್ತಾಗದ ದೋಷ ಇದ್ದರೆ ಆಯೋಗ ಆ ಸಾಮಾನನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬಹುದು. ಆ ಮೂರು ಕಪ್ಪು ಹಲ್ಲುಗಳನ್ನು ಸ್ಪಿರಿಟಿನಲ್ಲಿ ಒರೆಸಿದ್ದರೂ, ಒಡೆದ ಆ ಸಾಸಿವೆ ಕಾಳು ಅಲ್ಲೇ ಇರುತ್ತಿತ್ತಲ್ಲ ಅಂತ ಆಗ ಅನಿಸಿತು. 1,500 ಕೊಟ್ಟು ಸುಳ್ಳು ಬರೆಸಿದ್ದರೆ ಪ್ಯಾನೆಲಿನ ವಿಷಯದಲ್ಲಿ ನಾನು ಬಾಯಿ ತೆರೆಯಲು ಆಗುತ್ತಿರಲಿಲ್ಲ. ಯಾವ ಕಾಗದ ತೋರಿಸಿ ಕೇಳುವುದು?

ಆಯೋಗದವರೆಗೆ ಹೋಗಬೇಕಾಗಲಿಲ್ಲ. ಒಂಬತ್ತನೇ ದಿನ ಮಂಗಳೂರಿನಿಂದ ಕಂಪನಿಯ ಏರಿಯಾ ಮ್ಯಾನೇಜರ್ ಫೋನ್ ಮಾಡಿದರು. ಮಾತಿನಲ್ಲಿ ಸೊಕ್ಕು ಇರಲಿಲ್ಲ. “ಮೇಡಂ, ಸಿಡಿಲು ಅಂತ ನೀವೇ ಬರೆದಿದ್ದೀರಿ. ನಮಗೆ ಹಾಗೆ ಬರೆಯುವವರು ಕಡಿಮೆ. ಪ್ಯಾನೆಲನ್ನು ಇನ್ನೊಮ್ಮೆ ನೋಡಿಸ್ತೇನೆ,” ಅಂದರು. ಸಿಡಿಲಿನ ಕೇಸುಗಳಲ್ಲಿ ಪ್ಯಾನೆಲನ್ನೂ ಸೇರಿಸಿ ಎಸ್ಟಿಮೇಟ್ ಕೊಡುವುದು ಸರ್ವಿಸ್ ಸೆಂಟರಿನವರ ರೂಢಿ ಆಗಿಬಿಟ್ಟಿದೆ ಅಂತ ಒಪ್ಪಿಕೊಂಡರು. ಪರೀಕ್ಷೆ ಮಾಡದೆ ಸೇರಿಸುವುದು ಸರಿಯಾ ಅಂತ ಕೇಳಿದೆ. “ಸರಿ ಅಲ್ಲ,” ಅಂದರು. ಆಮೇಲೆ ಅವರೇ ಕೇಳಿದರು, ಮೊದಲು ಬಂದ ಟೆಕ್ನಿಷಿಯನ್ ದುಡ್ಡು ಏನಾದರೂ ಕೇಳಿದ್ದನಾ ಅಂತ.

ಆ ಹುಡುಗ ಟಿವಿಯನ್ನು ಮಲಗಿಸಿದ ರೀತಿ ನೆನಪಾಯಿತು. ಪೆಟ್ರೋಲಿನ ಮಾತೂ ನೆನಪಾಯಿತು. ಆದರೆ ಎಲ್ಲ ಹೇಳುತ್ತೇನೆ ಅಂತ ಹೊರಟ ಮೇಲೆ ಇದೊಂದನ್ನು ನುಂಗುವುದು ಹೇಗೆ? ಹೇಳಿದೆ. ಕೇಳಿದ್ದ, ನಾನು ಕೊಡಲಿಲ್ಲ, ಬೇಡ ಅಂದ ಮೇಲೆ ಅವನು ಇದ್ದದ್ದನ್ನೇ ಬರೆದಿದ್ದಾನೆ ಅಂತ. ಒಂದು ಸರ್ವಿಸ್ ಕಾಲ್‌ಗೆ ನೀವು ಅವನಿಗೆ ಎಷ್ಟು ಕೊಡುತ್ತೀರಿ ಅನ್ನುವುದನ್ನೂ ಒಮ್ಮೆ ನೋಡಿ ಅಂತಲೂ ಹೇಳಿದೆ. ಆಮೇಲೆ ಅವನನ್ನು ನಾನು ನೋಡಿಲ್ಲ. ಅವನ ಕೆಲಸಕ್ಕೆ ಏನಾದರೂ ತೊಂದರೆ ಆಯಿತೋ ಏನೋ ಅನ್ನುವುದು ಈಗಲೂ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಇದೆ.

ನವೆಂಬರ್ ಕೊನೆಯ ವಾರ ಬೇರೆ ಟೆಕ್ನಿಷಿಯನ್ ಬಂದರು, ಸ್ವಲ್ಪ ವಯಸ್ಸಾದವರು. ಪ್ಯಾನೆಲ್ ಪರೀಕ್ಷಿಸಿ ಸರಿ ಇದೆ ಅಂತ ಜಾಬ್‌ಶೀಟಿನಲ್ಲಿ ಬರೆದರು. ಹೊಸ ಮೇನ್‌ಬೋರ್ಡ್ ಹಾಕಿದರು. 6,350 ಮತ್ತು ಕೂಲಿ 590, ಒಟ್ಟು 6,940 ಕೊಟ್ಟು ಬಿಲ್ಲು ತೆಗೆದುಕೊಂಡೆ. ಬೋರ್ಡಿಗೆ 90 ದಿನದ ವಾರಂಟಿ ಅಂತ ಅದರಲ್ಲೇ ಬರೆಸಿಕೊಂಡೆ.

ಟಿವಿ ಆನ್ ಆಯಿತು. ಅತ್ತೆ ಕುರ್ಚಿ ಎಳೆದು ಕೂತರು. ಅವರು ಕೂತು ಹತ್ತು ನಿಮಿಷ ಆಗಿಲ್ಲ, ಘಟ್ಟದ ಕಡೆ ಒಂದು ಗುಡುಗು ಕೇಳಿಸಿತು. ಅತ್ತೆ ಎದ್ದು ಪ್ಲಗ್ ತೆಗೆದರು. ನಾನು ಸ್ಟೂಲ್ ಇಟ್ಟು ಹತ್ತಿ, ಬಾಕ್ಸಿನ ಹಿಂದೆ ಡಿಶ್ ಕೇಬಲಿನ ತಿರುಪನ್ನು ಬಿಚ್ಚಿ ಕೇಬಲನ್ನು ಕಿಟಕಿಯಿಂದ ಹೊರಗೆ ಹಾಕಿದೆ.

“ಅಕ್ಕ, ಒಟಿಪಿ ಬಂದಿರ್ತದೆ,” ಅಂದರು ಟೆಕ್ನಿಷಿಯನ್.

“ಬಂದಿದೆ. ಗುಡುಗು ನಿಲ್ಲಲಿ, ಇನ್ನೊಮ್ಮೆ ಹಾಕಿ ನೋಡಿ ಹೇಳ್ತೇನೆ. ಚಾ ಕುಡೀರಿ.”

ಅವರು ಕೂತು ಚಾ ಕುಡಿದರು. ಮುಕ್ಕಾಲು ಗಂಟೆ ಆಯಿತು. ಮಳೆ ನಾಲ್ಕು ಹನಿ ಬಿದ್ದು ನಿಂತಿತು. ಕೇಬಲ್ ಹಾಕಿದೆ, ಅತ್ತೆ ಪ್ಲಗ್ ಹಾಕಿದರು. ಚಿತ್ರ ಬಂತು, ಸದ್ದೂ ಬಂತು. ಅದನ್ನು ನೋಡಿ, ಜಾಬ್‌ಶೀಟನ್ನು ಮೇಲಿಂದ ಕೆಳಗೆ ಓದಿ ಸಹಿ ಹಾಕಿದೆ. ಆಮೇಲೆ ಮೊಬೈಲ್ ತೆಗೆದು ಒಂದೊಂದೇ ಅಂಕೆ ಓದಿ ಹೇಳಿದೆ.